ತೋಳಿನ ಊತವೆಲ್ಲ ಉಳುಕಲ್ಲ

ರಕ್ತನಾಳದಲ್ಲಿ ಹೆಪ್ಪುಗಟ್ಟುವುದೆಂದರೆ ನಮ್ಮ ಕಣ್ಣ ಮುಂದೆ ಬರುವವರು ವಯೋವೃದ್ಧರು, ತಿಂಗಳುಗಟ್ಟಲೆ ಹಾಸಿಗೆ ಹಿಡಿದವರು, ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದವರು. ತೊಂದರೆ ಕಾಣಿಸಿಕೊಳ್ಳುವುದು ಅವರ ಕಾಲಿನಲ್ಲಿ. ಈ ತಿಳಿವಳಿಕೆ ತಪ್ಪಲ್ಲ, ಆದರೆ ಪೂರ್ಣವೂ ಅಲ್ಲ. ಹದಿನೇಳರ, ಇಪ್ಪತ್ತರ, ಮೂವತ್ತರ ಹರೆಯದ, ದಿನವೂ ಆಡುವ ಅಥವಾ ದುಡಿಯುವ, ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದ ಆರೋಗ್ಯವಂತರ ತೋಳಿನಲ್ಲಿಯೂ ರಕ್ತ ಹೆಪ್ಪುಗಟ್ಟುವುದುಂಟು. ಅಂಥವರಲ್ಲಿ ಕಾಯಿಲೆಗೆ ನೆಪವಾಗುವುದು ಆಲಸ್ಯವಲ್ಲ, ಶ್ರಮ. ಆದುದರಿಂದಲೇ ವೈದ್ಯರು ಇದನ್ನು ಶ್ರಮಜನ್ಯ ಹೆಪ್ಪು ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ.

ಇದು ಅಪರೂಪದ ಕಾಯಿಲೆ. ಒಂದು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಬರುವಂಥದ್ದು ಎಂಬುದು ವೈದ್ಯಕೀಯ ಗ್ರಂಥಗಳ ಲೆಕ್ಕ. ಇಷ್ಟು ವಿರಳವಾದುದನ್ನು ಶಾಲಾ ಮಕ್ಕಳ ಹೆತ್ತವರು ಏಕೆ ತಿಳಿದಿರಬೇಕು ಎಂಬ ಪ್ರಶ್ನೆ ಸಹಜ. ಕಾರಣಗಳು ಎರಡು. ಮೊದಲನೆಯದು, ಇದು ನೋಡಲು ಉಳುಕಿನಂತೆಯೇ ಇರುತ್ತದೆ. ಉಳುಕಿಗೆ ನಾವು ಮನೆಯಲ್ಲಿ ಮಾಡುವ ಉಪಚಾರ ಇಲ್ಲಿ ಉಪಯೋಗಕ್ಕೆ ಬಾರದು, ಕೆಲವೊಮ್ಮೆ ಅಪಾಯವನ್ನೂ ತಂದೀತು. ಎರಡನೆಯದು, ಈ ಕಾಯಿಲೆಯಲ್ಲಿ ಮೊದಲ ಎರಡು ವಾರಗಳ ಬೆಲೆ ಬಹಳ ದೊಡ್ಡದು. ಆ ಅವಧಿ ಎಣ್ಣೆ ಹಚ್ಚುವುದರಲ್ಲಿಯೂ ಕಾದು ನೋಡುವುದರಲ್ಲಿಯೂ ಕಳೆದುಹೋದರೆ, ಪೂರ್ಣವಾಗಿ ಸರಿಹೋಗಬಹುದಾಗಿದ್ದ ತೋಳು ಜೀವನಪರ್ಯಂತ ಭಾರವಾಗಿ ಉಳಿಯಬಹುದು.

ಕೊರಳೆಲುಬಿನ ಅಡಿಯ ಇಕ್ಕಟ್ಟು

ತೋಳಿನಿಂದ ಹೃದಯದತ್ತ ರಕ್ತವನ್ನು ಮರಳಿ ಒಯ್ಯುವ ಮುಖ್ಯ ಅಭಿಧಮನಿಯು ಎದೆಗೂಡನ್ನು ಪ್ರವೇಶಿಸುವ ಮುನ್ನ ಒಂದು ಕಿರಿದಾದ ಸಂದಿಯನ್ನು ದಾಟಬೇಕು. ಆ ಸಂದಿಯ ಮೇಲ್ಭಾಗದಲ್ಲಿ, ಜನರು ಕಾಲರ್ ಬೋನ್ ಎಂದು ಕರೆಯುವ ಕೊರಳೆಲುಬು ಹಾಗೂ ಅದಕ್ಕೆ ಅಂಟಿದ ಒಂದು ಸಣ್ಣ ಸ್ನಾಯು. ಕೆಳಭಾಗದಲ್ಲಿ ಮೊದಲನೆಯ ಪಕ್ಕೆಲುಬು. ಹಿಂಬದಿಯಲ್ಲಿ ಕತ್ತಿನಿಂದ ಇಳಿದು ಬರುವ ಇನ್ನೊಂದು ಸ್ನಾಯು. ಶುದ್ಧರಕ್ತವನ್ನು ತೋಳಿಗೆ ತರುವ ಅಪಧಮನಿ ಮತ್ತು ತೋಳಿನ ನರಗಳು ಈ ಹಿಂಬದಿಯ ಸ್ನಾಯುವಿನ ಆಚೆಗೆ ಸಾಗುತ್ತವೆ. ಅಭಿಧಮನಿ ಮಾತ್ರ ಅದರ ಮುಂಭಾಗದ ಇಕ್ಕಟ್ಟಿನಲ್ಲಿ ಹಾದುಹೋಗುತ್ತದೆ. ಅದರ ಗೋಡೆ ತೆಳು, ಒಳಗಿನ ಒತ್ತಡವೂ ಕಡಿಮೆ. ಒತ್ತಿದರೆ ಸುಲಭವಾಗಿ ಚಪ್ಪಟೆಯಾಗುತ್ತದೆ.

ಕೈಯನ್ನು ತಲೆಯಿಂದ ಮೇಲಕ್ಕೆ ಎತ್ತಿದಾಗ ಈ ಸಂದಿ ಇನ್ನಷ್ಟು ಕಿರಿದಾಗುತ್ತದೆ. ಬಹುಪಾಲು ಜನರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಹುಟ್ಟಿನಿಂದಲೇ ಸಂದಿ ಇಕ್ಕಟ್ಟಾಗಿರುವ ಕೆಲವರಲ್ಲಿ, ಅಥವಾ ವ್ಯಾಯಾಮದಿಂದ ಅಲ್ಲಿನ ಸ್ನಾಯುಗಳು ದಪ್ಪವಾಗಿರುವವರಲ್ಲಿ, ಕೈ ಎತ್ತಿದಾಗಲೆಲ್ಲ ಅಭಿಧಮನಿ ಎಲುಬುಗಳ ನಡುವೆ ಹಿಂಡಲ್ಪಡುತ್ತದೆ. ವರ್ಷಗಟ್ಟಲೆ ಹೀಗೆ ನಡೆದಾಗ ನಾಳದ ಒಳಪದರಕ್ಕೆ ಗಾಯವಾಗಿ, ಮಾಯ್ದು, ಮತ್ತೆ ಗಾಯವಾಗಿ ಗೋಡೆ ಗಡುಸಾಗುತ್ತದೆ, ದಾರಿ ಕಿರಿದಾಗುತ್ತದೆ. ಹೊರಗೆ ಮಾತ್ರ ಏನೂ ಕಾಣುವುದಿಲ್ಲ. ಬಳಿಕ ಒಂದು ದಿನ ಎಂದಿಗಿಂತ ಹೆಚ್ಚು ಶ್ರಮವಾದಾಗ, ಕಿರಿದಾದ ಆ ದಾರಿಯಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಂತುಬಿಡುತ್ತದೆ.

ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಖೋ ಅವರ ಹೆಸರಿನಲ್ಲಿ, ರಕ್ತ ಹೆಪ್ಪುಗಟ್ಟಲು ಮೂರು ಕಾರಣಗಳನ್ನು ಇಂದಿಗೂ ವೈದ್ಯ ವಿದ್ಯಾರ್ಥಿಗಳಿಗೆ ಬೋಧಿಸಲಾಗುತ್ತದೆ: ನಾಳದ ಗೋಡೆಗೆ ಆಗುವ ಗಾಯ, ರಕ್ತದ ಹರಿವು ನಿಧಾನವಾಗುವುದು, ರಕ್ತವೇ ಬೇಗನೆ ಹೆಪ್ಪುಗಟ್ಟುವ ಸ್ವಭಾವ ಹೊಂದಿರುವುದು. ಇಲ್ಲಿ ಮೊದಲ ಎರಡು ಕಾರಣಗಳೂ ಒಂದೇ ಜಾಗದಲ್ಲಿ ಸೇರುತ್ತವೆ. ಬಿಸಿಲಿನಲ್ಲಿ ಬೆವರಿ ನೀರು ಕುಡಿಯದಿರುವುದು, ಕುಟುಂಬದಲ್ಲಿ ಹೆಪ್ಪುಗಟ್ಟುವ ಕಾಯಿಲೆಯ ಇತಿಹಾಸ, ಸ್ತ್ರೀಯರಲ್ಲಿ ಕೆಲವು ಹಾರ್ಮೋನ್ ಮಾತ್ರೆಗಳ ಸೇವನೆ ಇವೆಲ್ಲ ಮೂರನೆಯದನ್ನು ಸೇರಿಸಬಹುದು.

1875ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್ ಇಂಥ ತೋಳಿನ ಊತವನ್ನು ವರ್ಣಿಸಿದರು. 1884ರಲ್ಲಿ ವಿಯೆನ್ನಾದ ಲಿಯೋಪೋಲ್ಡ್ ಫಾನ್ ಶ್ರೋಟರ್, ಊತಕ್ಕೆ ಕಾರಣ ಅಭಿಧಮನಿಯೊಳಗಿನ ಹೆಪ್ಪು ಎಂದು ಸೂಚಿಸಿದರು. 1949ರಿಂದ ಈ ಕಾಯಿಲೆ ಇಬ್ಬರ ಹೆಸರನ್ನೂ ಜೋಡಿಸಿಕೊಂಡು ಪ್ಯಾಜೆಟ್–ಶ್ರೋಟರ್ ಸಿಂಡ್ರೋಮ್ ಎನಿಸಿಕೊಂಡಿದೆ.

ಯಾರಲ್ಲಿ, ಯಾವ ಕೆಲಸದಲ್ಲಿ?

ಕೈಯನ್ನು ಪದೇ ಪದೇ ಮೇಲಕ್ಕೆ ಎತ್ತಿ ಬಲವಾಗಿ ಬೀಸುವ ಆಟಗಳು ಮೊದಲು ನೆನಪಿಗೆ ಬರುತ್ತವೆ: ವಾಲಿಬಾಲ್, ಶಟ್ಲ್ ಬ್ಯಾಡ್ಮಿಂಟನ್, ಈಜು, ಜಾವೆಲಿನ್ ಎಸೆತ, ಕ್ರಿಕೆಟಿನ ವೇಗದ ಬೌಲಿಂಗ್. ಭಾರ ಎತ್ತುವ ವ್ಯಾಯಾಮವೂ ಈ ಪಟ್ಟಿಗೆ ಸೇರುತ್ತದೆ. ಉಪ್ಪಳ, ಕುಂಬಳೆ, ಬದಿಯಡ್ಕಗಳಂಥ ಪೇಟೆಗಳಲ್ಲಿಯೂ ಈಗ ಜಿಮ್‌ಗಳಿದ್ದು, ಹತ್ತನೆಯ ತರಗತಿ ದಾಟಿದ ಹುಡುಗರು ಅಲ್ಲಿಗೆ ಹೋಗುವುದು ಸಾಮಾನ್ಯವಾಗಿದೆ.

ಕ್ರೀಡಾಪಟುಗಳಲ್ಲದವರೂ ಇದಕ್ಕೆ ಹೊರತಲ್ಲ. ಛಾವಣಿಗೆ ಬಣ್ಣ ಬಳಿಯುವವರು, ವಾಹನದ ಅಡಿಯಲ್ಲಿ ಮಲಗಿ ಕೈ ಮೇಲೆತ್ತಿ ದುಡಿಯುವ ಮೆಕ್ಯಾನಿಕ್‌ಗಳು, ಎತ್ತರದ ಅಟ್ಟಕ್ಕೆ ಗೋಣಿಚೀಲ ಏರಿಸುವವರು, ಇವರ ತೋಳಿನ ಚಲನೆಯೂ ಇದೇ ಬಗೆಯದು. ನಮ್ಮ ತೋಟಗಳಲ್ಲಿ ಉದ್ದನೆಯ ದೋಟಿಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು ದಿನವಿಡೀ ಅಡಿಕೆ ಕೊಯ್ಯುವ, ಕೊಳೆರೋಗಕ್ಕೆ ಮದ್ದು ಬಿಡುವ ಯುವಕರ ಕೆಲಸವನ್ನು ನೋಡಿದವರಿಗೆ ಇದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಕೆಲಸಕ್ಕೆ ಮುಂದಾಗುವ ಕೈಯಲ್ಲಿ, ಅಂದರೆ ಬಹುಮಂದಿಗೆ ಬಲಗೈಯಲ್ಲಿ. ಸ್ತ್ರೀಯರಿಗಿಂತ ಪುರುಷರಲ್ಲಿ ಹೆಚ್ಚು.

ಇಷ್ಟನ್ನು ಓದಿ ಮಕ್ಕಳನ್ನು ಆಟದಿಂದ ಬಿಡಿಸುವುದು ವಿವೇಕವಲ್ಲ. ವ್ಯಾಯಾಮವಿಲ್ಲದ ಬಾಲ್ಯದಿಂದ ಬರುವ ಕಾಯಿಲೆಗಳು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಬೇಕಾದುದು ಗುರುತು ಹಿಡಿಯುವ ತಿಳಿವಳಿಕೆ ಮಾತ್ರ.

ಉಳುಕೋ, ಹೆಪ್ಪೋ?

ಶಾಲಾ ವಾಲಿಬಾಲ್ ತಂಡದ ಹುಡುಗನೊಬ್ಬನಿಗೆ ಉಪಜಿಲ್ಲಾ ಪಂದ್ಯದ ಮರುದಿನ ಬಲಗೈ ಊದಿಕೊಂಡಿತು ಎಂದಿಟ್ಟುಕೊಳ್ಳೋಣ. ಮನೆಯಲ್ಲಿ ಸ್ನಾಯು ಸೆಳೆತವೆಂದು ಭಾವಿಸುತ್ತಾರೆ. ಮುರಿವೆಣ್ಣ ಹಚ್ಚಿ ತಿಕ್ಕುತ್ತಾರೆ, ಬಿಸಿನೀರಿನ ಶಾಖ ಕೊಡುತ್ತಾರೆ. ಸಮೀಪದ ಚಿಕಿತ್ಸಾಲಯದಲ್ಲಿ ಎಕ್ಸ್‌ರೇ ತೆಗೆಸಿ, ಎಲುಬು ಮುರಿದಿಲ್ಲ ಎಂದು ತಿಳಿದು ಸಮಾಧಾನಪಡುತ್ತಾರೆ. ಇದರಲ್ಲಿ ಯಾರ ನಿರ್ಲಕ್ಷ್ಯವೂ ಇಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಸಲ ಇದು ಸರಿಯಾದ ಊಹೆಯೇ ಆಗಿರುತ್ತದೆ. ಆದರೆ ಎಕ್ಸ್‌ರೇ ಎಲುಬನ್ನು ತೋರಿಸುತ್ತದೆಯೇ ಹೊರತು ಅಭಿಧಮನಿಯೊಳಗಿನ ಹೆಪ್ಪನ್ನು ತೋರಿಸುವುದಿಲ್ಲ. ಆದುದರಿಂದ ವ್ಯತ್ಯಾಸವನ್ನು ಕಣ್ಣಿನಿಂದಲೇ ಮೊದಲು ಗುರುತಿಸಬೇಕು.

ಉಳುಕಾದಾಗ ನೋವು ಒಂದು ಜಾಗದಲ್ಲಿ ಇರುತ್ತದೆ. ಊತವೂ ಆ ಜಾಗದ ಸುತ್ತಲೇ. ಇಂಥ ಗಳಿಗೆಯಲ್ಲಿ, ಇಂಥ ಚಲನೆಯಲ್ಲಿ ನೋವಾಯಿತು ಎಂದು ಮಗು ಹೇಳಬಲ್ಲದು. ಹೆಪ್ಪುಗಟ್ಟಿದಾಗ ಹಾಗಲ್ಲ. ಭುಜದಿಂದ ಬೆರಳಿನ ತನಕ ಇಡೀ ತೋಳು ಬಾತುಕೊಳ್ಳುತ್ತದೆ. ಉಂಗುರ, ಬಳೆ, ಕೈಗಡಿಯಾರದ ಪಟ್ಟಿ ಬಿಗಿಯಾಗುತ್ತವೆ. ತೋಳಿನ ಬಣ್ಣ ಇನ್ನೊಂದಕ್ಕಿಂತ ಕೆಂಪಾಗಿಯೋ ನೀಲಿಯಾಗಿಯೋ ಕಾಣುತ್ತದೆ. ಚುಚ್ಚುವ ನೋವಿಗಿಂತ ಭಾರವೂ ಬಿಗಿತವೂ ಮುಖ್ಯ. ಕೆಲಸ ಮಾಡಿದಾಗ ಹೆಚ್ಚಾಗಿ, ವಿಶ್ರಾಂತಿಯಲ್ಲಿ ಕಡಿಮೆಯಾಗುತ್ತದೆ. ಹೆಚ್ಚಿನವರಲ್ಲಿ ಇದೆಲ್ಲ ಶ್ರಮದ ನಂತರ ಒಂದು ದಿನದೊಳಗೆ ಆರಂಭವಾಗುತ್ತದೆ. ಭುಜ, ಮೇಲ್ದೋಳು ಮತ್ತು ಎದೆಯ ಮೇಲ್ಭಾಗದಲ್ಲಿ ಹಿಂದೆ ಕಾಣದಿದ್ದ ನೀಲಿ ನಾಳಗಳು ಬಲೆಯಂತೆ ಮೂಡಿದರೆ ಅದು ದೊಡ್ಡ ಸುಳಿವು. ಮುಖ್ಯ ದಾರಿ ಮುಚ್ಚಿದಾಗ ರಕ್ತವು ಬದಲಿ ಕಿರುದಾರಿಗಳನ್ನು ಹುಡುಕಿಕೊಂಡುದರ ಗುರುತು ಅದು.

ಎರಡೂ ತೋಳುಗಳನ್ನು ಪಕ್ಕಪಕ್ಕದಲ್ಲಿ ಇರಿಸಿ ನೋಡುವುದು ಸುಲಭವಾದ ಪರೀಕ್ಷೆ. ದರ್ಜಿಯ ಟೇಪಿನಿಂದ ಮೊಣಕೈಯ ಮೇಲೆ ಒಂದೇ ಅಂತರದಲ್ಲಿ ಎರಡು ಕಡೆಯೂ ಅಳೆಯಬಹುದು. ಬಲಗೈಯವರಿಗೆ ಬಲದೋಳು ಸಹಜವಾಗಿಯೇ ತುಸು ದಪ್ಪವಿರುತ್ತದೆ. ಅದನ್ನು ಮೀರಿದ ಅಂತರವಿದ್ದರೆ, ಬಣ್ಣವೂ ಬದಲಾಗಿದ್ದರೆ, ಅದೇ ದಿನ ವೈದ್ಯರನ್ನು ಕಾಣಬೇಕು. ತೋಳನ್ನು ತಿಕ್ಕಬಾರದು, ಹೆಪ್ಪಿನ ತುಣುಕು ಕಳಚಿಕೊಳ್ಳುವ ಭಯವಿದೆ. ಹಾಗೆ ಕಳಚಿದ ತುಣುಕು ಹೃದಯದ ಮೂಲಕ ಶ್ವಾಸಕೋಶವನ್ನು ಸೇರಿದರೆ ಪ್ರಾಣಾಪಾಯವುಂಟು. ಹಠಾತ್ತನೆ ಏದುಸಿರು, ಉಸಿರೆಳೆದಾಗ ಎದೆಯಲ್ಲಿ ಚುಚ್ಚುನೋವು, ಕೆಮ್ಮಿದಾಗ ರಕ್ತ, ತಲೆಸುತ್ತಿ ಬೀಳುವುದು, ಇವುಗಳಲ್ಲಿ ಯಾವುದು ಕಂಡರೂ ಮರುದಿನಕ್ಕೆ ಕಾಯದೆ 108ಕ್ಕೆ ಕರೆಮಾಡಿ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಇನ್ನೊಂದು ಗೊಂದಲವನ್ನೂ ನಿವಾರಿಸಬೇಕು. ಜ್ವರಕ್ಕೆ ಡ್ರಿಪ್ ಹಾಕಿಸಿಕೊಂಡ ಬಳಿಕ, ಸೂಜಿ ಚುಚ್ಚಿದ ಜಾಗದಿಂದ ಮೇಲಕ್ಕೆ ನಾಳವೊಂದು ಹಗ್ಗದಂತೆ ಗಟ್ಟಿಯಾಗಿ ಕೆಂಪಾಗುವುದು ಸಾಮಾನ್ಯ. ಅದು ಚರ್ಮದಡಿಯ ನಾಳದ ಉರಿಯೂತ. ಬಹುತೇಕ ತಾನಾಗಿಯೇ ಶಮನವಾಗುತ್ತದೆ. ಇಡೀ ತೋಳು ಊದುವುದು ಬೇರೆ ವಿಷಯ.

ಪದ ತಪ್ಪಿದರೆ ದಾರಿ ತಪ್ಪೀತು

ಗಡಿನಾಡಿನ ನಮಗೆ ಇಲ್ಲೊಂದು ವಿಶೇಷ ತೊಡಕಿದೆ. ಮನೆಯಲ್ಲಿ ಕನ್ನಡವೋ ತುಳುವೋ ಆಡುವ ಮಗು, ಮಲಯಾಳ ಮಾತನಾಡುವ ವೈದ್ಯರಿಗೆ ತನ್ನ ಕಷ್ಟವನ್ನು ಹೇಳಬೇಕಾಗುತ್ತದೆ. ಆಡುಮಾತಿನಲ್ಲಿ ನಾವು ನರ ಎಂಬ ಒಂದೇ ಪದವನ್ನು ನರಕ್ಕೂ ರಕ್ತನಾಳಕ್ಕೂ ಬಳಸುತ್ತೇವೆ. ಮಲಯಾಳದ ಞರಂಬ್ ಎಂಬ ಪದಕ್ಕೂ ಇದೇ ಇಬ್ಬಗೆ ಅರ್ಥ. ಆದುದರಿಂದ “ನರ ಹಿಡಿದಿದೆ” ಎಂಬ ಮಾತು ವೈದ್ಯರನ್ನು ಸ್ನಾಯುಸೆಳೆತದ ಕಡೆಗೇ ಕರೆದೊಯ್ಯುವ ಸಾಧ್ಯತೆ ಹೆಚ್ಚು. ರೋಗದ ಹೆಸರನ್ನು ಊಹಿಸಿ ಹೇಳುವುದಕ್ಕಿಂತ, ಕಂಡುದನ್ನು ಕಂಡಂತೆ ಹೇಳುವುದು ಲೇಸು: ಇಡೀ ಕೈ ಊದಿದೆ, ಬಣ್ಣ ನೀಲಿಯಾಗಿದೆ, ಪಂದ್ಯದ ಮರುದಿನ ಬೆಳಿಗ್ಗೆ ಆರಂಭವಾಯಿತು, ಯಾವ ಪೆಟ್ಟೂ ಬಿದ್ದಿಲ್ಲ.

ವಕೀಲಿಕೆಯಲ್ಲಿ ನಾವು ಪ್ರತಿಯೊಂದು ಪ್ರಕರಣಕ್ಕೂ ದಿನಾಂಕವಾರು ವಿವರಪಟ್ಟಿಯನ್ನು ಬರೆದುಕೊಳ್ಳುತ್ತೇವೆ. ಅಂಥದೇ ಒಂದು ಪಟ್ಟಿ ಇಲ್ಲಿಯೂ ಉಪಯುಕ್ತ. ಯಾವ ದಿನ ಯಾವ ಶ್ರಮ, ಯಾವಾಗ ಊತ, ಯಾವ ಮಾತ್ರೆ ಸೇವಿಸಿದ್ದು, ಮನೆಯಲ್ಲಿ ಯಾರಿಗಾದರೂ ಹಿಂದೆ ಹೆಪ್ಪುಗಟ್ಟಿತ್ತೇ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಎರಡೂ ತೋಳುಗಳ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ಭಾಷೆಯ ಅಡ್ಡಿ ಅರ್ಧ ಕರಗುತ್ತದೆ. ಜೊತೆಗೆ ವಿನಯದಿಂದ ಒಂದು ಪ್ರಶ್ನೆ ಕೇಳಬಹುದು: “ಇದು ರಕ್ತನಾಳದ ಹೆಪ್ಪು ಅಲ್ಲವೆಂದು ಖಚಿತಪಡಿಸಿಕೊಳ್ಳಲು ಡಾಪ್ಲರ್ ಸ್ಕ್ಯಾನ್ ಬೇಕಾಗಬಹುದೇ?”

ಪರೀಕ್ಷೆ ಮತ್ತು ಚಿಕಿತ್ಸೆ

ಡಾಪ್ಲರ್ ಎಂಬುದು ಶಬ್ದತರಂಗಗಳಿಂದ ರಕ್ತದ ಹರಿವನ್ನು ನೋಡುವ ಸ್ಕ್ಯಾನ್. ನೋವಿಲ್ಲ, ವಿಕಿರಣವಿಲ್ಲ. ಕೊರಳೆಲುಬಿನ ಮರೆಯಲ್ಲಿರುವ ಭಾಗ ಅದರಲ್ಲಿ ಸ್ಪಷ್ಟವಾಗಿ ಕಾಣದೇ ಹೋಗಬಹುದು. ಸಂದೇಹ ಉಳಿದರೆ ಬಣ್ಣದ್ರವ್ಯ ಹಾಯಿಸಿ ಸಿ.ಟಿ. ಅಥವಾ ಎಂ.ಆರ್. ವಿಧಾನದಲ್ಲಿ ಅಭಿಧಮನಿಯ ಚಿತ್ರ ತೆಗೆಯುತ್ತಾರೆ.

ಹೆಪ್ಪು ಖಚಿತವಾದೊಡನೆ ಅದು ಬೆಳೆಯದಂತೆ ತಡೆಯುವ ಔಷಧ ಆರಂಭವಾಗುತ್ತದೆ. ಮೊದಲು ಹೆಪಾರಿನ್ ಚುಚ್ಚುಮದ್ದು, ಬಳಿಕ ಮಾತ್ರೆ. ಕನಿಷ್ಠ ಮೂರು ತಿಂಗಳು. ಎಳೆಯರಲ್ಲಿ, ಹೆಪ್ಪು ಹೊಸದಾಗಿದ್ದರೆ, ತೆಳುವಾದ ನಳಿಕೆಯನ್ನು ನಾಳದೊಳಗೆ ಹೆಪ್ಪಿನ ತನಕ ತೂರಿಸಿ, ಅದನ್ನು ಕರಗಿಸುವ ಔಷಧವನ್ನು ಅಲ್ಲಿಯೇ ಬಿಡುವ ಕ್ರಮವೂ ಇದೆ. ಇದು ಫಲಕಾರಿಯಾಗುವುದು ಮುಖ್ಯವಾಗಿ ಮೊದಲ ಎರಡು ವಾರಗಳಲ್ಲಿ. ದಿನ ಕಳೆದಂತೆ ಹೆಪ್ಪು ಗಟ್ಟಿಯಾಗಿ ನಾಳದ ಗೋಡೆಗೆ ಅಂಟಿಕೊಳ್ಳುತ್ತದೆ.

ಹೆಪ್ಪು ಕರಗಿದರೂ ಎಲುಬುಗಳ ನಡುವಿನ ಇಕ್ಕಟ್ಟು ಹಾಗೆಯೇ ಉಳಿದಿರುತ್ತದೆ. ಆದುದರಿಂದ ಅನೇಕ ಶಸ್ತ್ರವೈದ್ಯರು ಮೊದಲನೆಯ ಪಕ್ಕೆಲುಬನ್ನು ತೆಗೆದುಹಾಕಿ ದಾರಿಯನ್ನು ಅಗಲಗೊಳಿಸಲು ಸಲಹೆ ನೀಡುತ್ತಾರೆ. ಆ ಎಲುಬು ಇಲ್ಲದೆಯೂ ಮನುಷ್ಯ ಸಹಜವಾಗಿ ಬಾಳಬಲ್ಲ. ಎಲ್ಲ ರೋಗಿಗಳಿಗೂ ಈ ಶಸ್ತ್ರಚಿಕಿತ್ಸೆ ಬೇಕೇ, ಕೆಲವರಿಗೆ ಮಾತ್ರೆಯಷ್ಟೇ ಸಾಕೇ ಎಂಬ ವಿಷಯದಲ್ಲಿ ವೈದ್ಯರಲ್ಲಿ ಏಕಾಭಿಪ್ರಾಯವಿಲ್ಲ. ವಯಸ್ಸು, ಉದ್ಯೋಗ, ಆಟಕ್ಕೆ ಮರಳುವ ಇಚ್ಛೆ ಇವನ್ನೆಲ್ಲ ತೂಗಿ ನಿರ್ಧರಿಸಬೇಕು. ಎಲುಬಿನ ಒತ್ತಡ ನಿವಾರಣೆಯಾಗುವ ಮೊದಲು ಅಲ್ಲಿ ಸ್ಟೆಂಟ್ ಹಾಕುವುದು ಮಾತ್ರ ಸರಿಯಲ್ಲವೆಂಬುದು ಸಾಮಾನ್ಯವಾಗಿ ಒಪ್ಪಿತ ಮಾತು. ಎಲುಬುಗಳ ನಡುವೆ ಸಿಲುಕಿ ಅದು ನಜ್ಜುಗುಜ್ಜಾಗುತ್ತದೆ.

ಹೆಪ್ಪು ತಡೆಯುವ ಮಾತ್ರೆಗಳಲ್ಲಿ ಹಳೆಯದಾದ ವಾರ್ಫರಿನ್‌ನ ಮೂಲ ಹೈನುಗಾರರಿಗೆ ಕುತೂಹಲಕರವೆನಿಸೀತು. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಷ್ಟು ಹಿಡಿದ ಒಂದು ಬಗೆಯ ಮೇವು ತಿಂದ ಜಾನುವಾರುಗಳು ರಕ್ತ ಸೋರಿ ಸಾಯುತ್ತಿದ್ದವು. ಆ ಮೇವಿನಲ್ಲಿದ್ದ ದ್ರವ್ಯವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು ಬೇರ್ಪಡಿಸಿದರು. ಅದರ ಜಾಡಿನಲ್ಲಿ ಹುಟ್ಟಿದ ವಾರ್ಫರಿನ್ ಮೊದಲು ಇಲಿಪಾಷಾಣವಾಗಿ 1948ರಲ್ಲಿ ಮಾರುಕಟ್ಟೆಗೆ ಬಂದು, 1954ರಲ್ಲಿ ಮನುಷ್ಯರ ಔಷಧವಾಯಿತು. ಇದನ್ನು ಸೇವಿಸುವವರು ನಿಗದಿತ ಸಮಯಕ್ಕೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಹರಿವೆ, ಬಸಳೆಯಂಥ ಸೊಪ್ಪುಗಳನ್ನು ಬಿಡಬೇಕಾಗಿಲ್ಲ; ಆದರೆ ಒಂದು ವಾರ ರಾಶಿ, ಮರುವಾರ ಶೂನ್ಯ ಎಂಬಂತಾಗದೆ ಪ್ರಮಾಣ ಒಂದೇ ತೆರನಾಗಿರಬೇಕು. ಈಗ ಬಳಕೆಯಲ್ಲಿರುವ ಹೊಸ ಮಾತ್ರೆಗಳಿಗೆ ಸೊಪ್ಪಿನ ಈ ನಿರ್ಬಂಧವಿಲ್ಲ. ಯಾವುದೇ ಹೆಪ್ಪುನಿರೋಧಕ ಸೇವಿಸುವಾಗಲೂ ನೋವಿನ ಮಾತ್ರೆಯನ್ನಾಗಲಿ ನಾಟಿ ಔಷಧವನ್ನಾಗಲಿ ವೈದ್ಯರಿಗೆ ತಿಳಿಸದೆ ತೆಗೆದುಕೊಳ್ಳಬಾರದು. ಕಬಡ್ಡಿಯಂಥ ಮೈತಾಗುವ ಆಟವೂ ಆ ಅವಧಿಯಲ್ಲಿ ಕೂಡದು.

ಅಂಗಳಕ್ಕೆ ಮರಳಿದವರು

ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಬ್ರ್ಯಾಂಡನ್ ಇಂಗ್ರಾಂ ಅವರ ಬಲದೋಳಿನಲ್ಲಿ 2019ರ ಮಾರ್ಚ್‌ನಲ್ಲಿ ಹೆಪ್ಪು ಪತ್ತೆಯಾದಾಗ ಅವರಿಗೆ 21 ವರ್ಷ. ಅದೇ ತಿಂಗಳು ಇಕ್ಕಟ್ಟು ನಿವಾರಿಸುವ ಶಸ್ತ್ರಚಿಕಿತ್ಸೆಯಾಯಿತು. ಮುಂದಿನ ಋತುವಿನಲ್ಲಿ ಹೊಸ ತಂಡದ ಪರವಾಗಿ ಆಡಿ, ಆಲ್‌ಸ್ಟಾರ್ ತಂಡಕ್ಕೂ ಆಯ್ಕೆಯಾಗಿ, ಅತ್ಯಂತ ಪ್ರಗತಿ ಸಾಧಿಸಿದ ಆಟಗಾರನೆಂಬ ಪ್ರಶಸ್ತಿಯನ್ನೂ ಪಡೆದರು. ಫ್ರಾನ್ಸಿನ ವಿಕ್ಟರ್ ವೆಂಬನ್ಯಾಮ ಅವರಿಗೆ 2025ರ ಫೆಬ್ರವರಿಯಲ್ಲಿ ಬಲಭುಜದ ಅಭಿಧಮನಿಯಲ್ಲಿ ಹೆಪ್ಪು ಕಾಣಿಸಿತು. ಆಗ ಅವರಿಗೂ 21. ಆ ಋತುವಿನ ಉಳಿದ ಪಂದ್ಯಗಳನ್ನೆಲ್ಲ ಬಿಟ್ಟು ವಿಶ್ರಾಂತಿ ಪಡೆದು ಅಕ್ಟೋಬರಿನಲ್ಲಿ ಅಂಗಳಕ್ಕೆ ಮರಳಿದರು. ಕೋಟಿಗಟ್ಟಲೆ ಬೆಲೆಬಾಳುವ ಆಟಗಾರರನ್ನೇ ಅವರ ತಂಡಗಳು ತಕ್ಷಣ ಕುಳ್ಳಿರಿಸಿದುವು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ಏಕೆಂದರೆ ನಮ್ಮಲ್ಲಿ ನೋವನ್ನು ಮುಚ್ಚಿಡುವ ಒತ್ತಡ ಬೇರೆಯೇ ಇದೆ. ಜಿಲ್ಲಾ ಆಯ್ಕೆ ತಪ್ಪೀತು, ಗ್ರೇಸ್ ಅಂಕ ಹೋದೀತು ಎಂಬ ಭಯದಿಂದ ಮಗು ಸುಮ್ಮನಿರುತ್ತದೆ. ಒಂದು ಪಂದ್ಯದ ಅಂಕಕ್ಕಾಗಿ ಬರೆಯುವ ಕೈಯನ್ನೇ ಪಣಕ್ಕಿಡುವುದು ಸರಿಯಲ್ಲವೆಂದು ಧೈರ್ಯ ಹೇಳಬೇಕಾದವರು ಹೆತ್ತವರು ಮತ್ತು ದೈಹಿಕ ಶಿಕ್ಷಣ ಶಿಕ್ಷಕರು.

ಕಾನೂನು ಕೊಡುವ ಆಸರೆ

ಈ ಸಂದರ್ಭದಲ್ಲಿ ಕುಟುಂಬಗಳು ತಿಳಿದಿರಬೇಕಾದ ಕೆಲವು ಹಕ್ಕುಗಳಿವೆ. ತುರ್ತು ಸ್ಥಿತಿಯಲ್ಲಿ ಪ್ರಾಣರಕ್ಷಣೆಯ ಚಿಕಿತ್ಸೆ ನೀಡುವುದು ಸರಕಾರಿ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ವೈದ್ಯರ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಪರಮಾನಂದ ಕಟಾರ ಪ್ರಕರಣದಲ್ಲಿ ತೀರ್ಪಿತ್ತಿದೆ. ಶಸ್ತ್ರಚಿಕಿತ್ಸೆಗೆ ಮುನ್ನ ಅದರ ಸ್ವರೂಪ, ಪ್ರಯೋಜನ, ಅಪಾಯ ಮತ್ತು ಬದಲಿ ಮಾರ್ಗಗಳನ್ನು ವಿವರಿಸಿ ಸಮ್ಮತಿ ಪಡೆಯಬೇಕೆಂಬುದು 2008ರ ಸಮೀರಾ ಕೊಹ್ಲಿ ಪ್ರಕರಣದ ತೀರ್ಪಿನ ಸಾರ. ವಿವರಿಸುವುದೆಂದರೆ ರೋಗಿಗೆ ಅರ್ಥವಾಗುವಂತೆ ಹೇಳುವುದೇ ಅಲ್ಲವೇ? ತಿಳಿಯದ ಭಾಷೆಯ ಕಾಗದಕ್ಕೆ ಸಹಿ ಹಾಕುವ ಮುನ್ನ ಕನ್ನಡದಲ್ಲಿ ವಿವರಿಸಿ ಎಂದು ಕೇಳಲು ಹಿಂಜರಿಯಬಾರದು. 18 ವರ್ಷ ತುಂಬದವರ ಪರವಾಗಿ ಸಮ್ಮತಿ ಕೊಡುವವರು ಹೆತ್ತವರಾದುದರಿಂದ ಅವರಿಗೆ ವಿಷಯ ತಿಳಿದಿರಲೇಬೇಕು.

ವೈದ್ಯರ ವೃತ್ತಿನೀತಿಯನ್ನು ಕುರಿತ 2002ರ ನಿಯಮಾವಳಿಯಂತೆ, ರೋಗಿಯಾಗಲಿ ಅವರ ಅಧಿಕೃತ ಪ್ರತಿನಿಧಿಯಾಗಲಿ ಕೇಳಿದಾಗ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆಗಳನ್ನು ಒದಗಿಸಬೇಕು. ಕಾಸರಗೋಡಿನಲ್ಲಿ ಸ್ಕ್ಯಾನ್ ಮಾಡಿಸಿ ಮಂಗಳೂರಿಗೋ ಪರಿಯಾರಕ್ಕೋ ಹೋಗಬೇಕಾಗುವ ನಮಗೆ ಈ ಹಕ್ಕು ಬಹಳ ಉಪಯೋಗಿ. ಕೈಯಲ್ಲಿ ದಾಖಲೆಯಿದ್ದರೆ ಒಂದೇ ಪರೀಕ್ಷೆಯನ್ನು ಎರಡು ಸಲ ಮಾಡಿಸುವ ವೆಚ್ಚವೂ ಉಳಿಯುತ್ತದೆ, ದಿನಗಳೂ ಉಳಿಯುತ್ತವೆ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯಲ್ಲಿ ಸೇರಿದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ತನಕ ಒಳರೋಗಿ ಚಿಕಿತ್ಸೆಯ ರಕ್ಷಣೆಯಿದೆ. ಹೋಗುವ ಆಸ್ಪತ್ರೆ ಆ ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ದಾಖಲಾಗುವ ಮೊದಲೇ ವಿಚಾರಿಸಿಕೊಳ್ಳಬೇಕು.

ರಕ್ಷಕ-ಶಿಕ್ಷಕ ಸಂಘದ ಮುಂದಿನ ಸಭೆಯಲ್ಲಿ ಐದು ನಿಮಿಷ ಈ ವಿಷಯಕ್ಕೆ ಮೀಸಲಿಟ್ಟರೆ ಸಾಕು. ಪೆಟ್ಟು ಬೀಳದೆ ಒಂದೇ ತೋಳು ಊದಿ ಬಣ್ಣ ಬದಲಾದರೆ ತಿಕ್ಕಬೇಡಿ, ಕಾಯಬೇಡಿ, ಡಾಪ್ಲರ್ ಬಗ್ಗೆ ಕೇಳಿ ಎಂಬ ಸೂಚನೆಯನ್ನು ಕನ್ನಡದಲ್ಲಿ ಬರೆದು ಶಾಲೆಯ ಕ್ರೀಡಾ ಕೊಠಡಿಯ ಗೋಡೆಗೆ ಅಂಟಿಸಲು ಯಾವ ಇಲಾಖೆಯ ಅನುಮತಿಯೂ ಬೇಕಾಗಿಲ್ಲ.